ಅಪ್ಪನ ಸೈಕಲ್ಲಿಗೆ ಇಪ್ಪತ್ತೆರಡೂವರೆ ಸಿಸಿ ಎಂಜಿನ್

ಮೈಸೂರಿನಲ್ಲಿ ಸೈಕಲ್ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿರುವ ಸೈಕಲ್ಲನ್ನು ತಮ್ಮಲ್ಲಿ ಅನೇಕರು ಒಳಗೆ ಬರುವಾಗಲೇ ಬಗ್ಗಿ ನೋಡಿದ್ದೀರಿ, ಮುಟ್ಟಿಯೂ ನೋಡಿದ್ದೀರಿ. ಎಷ್ಟು ಸಿಸಿ, ಎಷ್ಟು ವೇಗ, ಲೀಟರಿಗೆ ಎಷ್ಟು ದೂರ ಎಂಬ ಮೂರು ಪ್ರಶ್ನೆಗಳನ್ನು ಕನಿಷ್ಠ ಹತ್ತು ಜನ ಕೇಳಿದ್ದೀರಿ. ಇಪ್ಪತ್ತೆರಡೂವರೆ ಸಿಸಿ, ಗಂಟೆಗೆ 24 ಕಿ.ಮೀ., ಲೀಟರಿಗೆ ಅರವತ್ತರ ಆಸುಪಾಸು. ಈ ಮೂರು ಉತ್ತರಗಳನ್ನು ಮೊದಲೇ ಕೊಟ್ಟುಬಿಟ್ಟರೆ, ಯಾರೂ ಕೇಳದೆ ಉಳಿದ ನಾಲ್ಕನೆಯ ಪ್ರಶ್ನೆಗೆ, ಅಂದರೆ ಇದು ನಿಲ್ಲುವುದು ಹೇಗೆ ಎಂಬುದಕ್ಕೆ, ನನಗೆ ಹೆಚ್ಚು ಸಮಯ ಸಿಗುತ್ತದೆ. ಇದನ್ನು ಕಟ್ಟುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಎಂಜಿನ್ನಿಗೆಂದು ಕಳೆದದ್ದು ಎರಡು ತಿಂಗಳೂ ಇಲ್ಲ.

ನಾನು ಮಂಡ್ಯದವನು, ಲೇತ್ ಎಂಬ ಲೋಹ ಕಡೆಯುವ ಯಂತ್ರದ ಕೆಲಸ ಕಲಿಸುವ ಮೇಷ್ಟರಾಗಿದ್ದು ನಿವೃತ್ತನಾದವನು. ಈ ಸೈಕಲ್ ನನ್ನ ತಂದೆಯವರದು. ಅವರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1958ರಲ್ಲಿ ಕೊಂಡ ಈ ಹರ್ಕ್ಯುಲಿಸ್ ಸೈಕಲ್ಲಿನಲ್ಲೇ ಪಾಳಿಗೆ ಹೋಗಿ ಬರುತ್ತಿದ್ದರು. 1949ರಲ್ಲಿ ಮದರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್ ಕಂಪನಿಯ ತಯಾರಿಕೆ ಇದು. 28 ಇಂಚಿನ ಚಕ್ರ, ರಾಡ್ ಬ್ರೇಕು, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಕಬ್ಬಿನ ಜಲ್ಲೆ, ಹಾಲಿನ ಕ್ಯಾನು, ಬೆಲ್ಲದ ಮೂಟೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಲ್ಲವನ್ನೂ ಹೊತ್ತ ಜಾತಿಯ ಸೈಕಲ್ಲು. ನಮ್ಮ ಜಿಲ್ಲೆಯಲ್ಲಿ ಇಂಥವು ಈಗಲೂ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಸಿಗುತ್ತವೆ.

ಸೈಕಲ್ಲಿಗೆ ಎಂಜಿನ್ ಕಟ್ಟುವ ಯೋಚನೆ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದು, ಕಾರಿಗೆ ದುಡ್ಡಿಲ್ಲದ, ಬಸ್ಸುಗಳಿಲ್ಲದ ದೇಶಗಳಲ್ಲಿ ಜನರ ಬಳಿ ಉಳಿದಿದ್ದದ್ದು ಸೈಕಲ್ ಒಂದೇ. ಜಪಾನಿನಲ್ಲಿ ಸೋಯಿಚಿರೊ ಹೋಂಡಾ 1946ರಲ್ಲಿ, ಸೇನೆಯ ರೇಡಿಯೊಗಳಿಗೆ ವಿದ್ಯುತ್ ಒದಗಿಸಲೆಂದು ತಯಾರಾಗಿ ಉಳಿದುಹೋಗಿದ್ದ ಪುಟ್ಟ ಎಂಜಿನ್‌ಗಳನ್ನು ಸೈಕಲ್ಲಿಗೆ ಕಟ್ಟಿ ಮಾರಲು ತೊಡಗಿದರು. ಆರು ವರ್ಷಗಳ ನಂತರ ಅವರ ಕಂಪನಿಯ ಕಬ್ ಎಂಬ ಎಂಜಿನ್, ಬಿಳಿ ಟ್ಯಾಂಕು ಕೆಂಪು ಕವಚದೊಂದಿಗೆ, ಊರೂರಿನ ಸೈಕಲ್ ಅಂಗಡಿಗಳಲ್ಲಿಯೇ ಮಾರಾಟವಾಯಿತು. ಅದೇ ಕಾಲಕ್ಕೆ ಇಟಲಿಯಲ್ಲಿ 48 ಸಿಸಿಯ ಕುಚ್ಚೊಲೊ ಇತ್ತು, ಮುಂದೆ ಡುಕಾಟಿ ಅದನ್ನೇ ತಯಾರಿಸಿತು. ಫ್ರಾನ್ಸಿನ ವೆಲೊಸೊಲೆಕ್ಸ್ ಮುಂದಿನ ಚಕ್ರದ ಟೈರಿನ ಮೇಲೆ ಒಂದು ರೋಲರನ್ನು ಒತ್ತಿ ಓಡುತ್ತಿತ್ತು. ನಮ್ಮಲ್ಲಿ ಈ ವಂಶ ಸುವೇಗ, 1972ರ ಲೂನಾ, 1980ರ ಟಿವಿಎಸ್ 50 ಎಂಬ ಮೊಪೆಡ್‌ಗಳಾಗಿ ಬೆಳೆದದ್ದನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದೀರಿ.

ಮೈಸೂರಿನವರ ಮುಂದೆ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಟೂ-ಸ್ಟ್ರೋಕ್ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲ ಕಿವಿಗಳನ್ನು ಅದು ಈ ಊರಿನಲ್ಲಿ ಬಿಟ್ಟುಹೋಯಿತು. ಅಂಥ ಕಿವಿಯುಳ್ಳ ಒಬ್ಬ ಹಿರಿಯ ಮೆಕ್ಯಾನಿಕ್‌ರ ಬಳಿಗೆ ನಾನು ಮೊದಲ ದಿನವೇ ನನ್ನ ನಕ್ಷೆಗಳನ್ನೆಲ್ಲ ಹಿಡಿದುಕೊಂಡು ಹೋದೆ. ಅವರು ನಕ್ಷೆಯನ್ನು ಬಿಡಿಸಿಯೂ ನೋಡಲಿಲ್ಲ. "ಎಂಜಿನ್ ಆಮೇಲೆ ನೋಡೋಣ ಮೇಷ್ಟ್ರೇ, ಮೊದಲು ಬ್ರೇಕ್ ತೋರಿಸಿ" ಎಂದರು. ನಾನು ಅವರ ಮಾತನ್ನು ಆಗ ಪೂರ್ತಿ ಕೇಳಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಫ್ರೇಮಿನಿಂದ ಆರಂಭಿಸೋಣ. ಅರವತ್ತು ವರ್ಷ ದಾಟಿದ ಫ್ರೇಮಿಗೆ ಎಂಜಿನ್ ಕಟ್ಟುವ ಮೊದಲು ಅದು ಇನ್ನೂ ನೆಟ್ಟಗಿದೆಯೇ, ಗಟ್ಟಿಯಾಗಿದೆಯೇ ಎಂದು ತಿಳಿಯಬೇಕು. ನೆಟ್ಟಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಕೂರುವ ಎಡಗಡೆಯ ಸೀಳಿಗೆ ದಾರದ ತುದಿಯನ್ನು ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಬಳಸಿಕೊಂಡು ಬಲಗಡೆಯ ಸೀಳಿಗೆ ತಂದು ಬಿಗಿಯಾಗಿ ಎಳೆದು, ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಇರುವ ಅಂತರವನ್ನು ಅಳೆಯುವುದು. ಎರಡೂ ಒಂದೇ ಇದ್ದರೆ ಫ್ರೇಮ್ ನೆಟ್ಟಗಿದೆ. ನನ್ನದರಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸವಿತ್ತು, ತಂದೆಯವರು ಒಮ್ಮೆ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದದ್ದರ ಗುರುತು ಅದು. ಗಟ್ಟಿತನ ನೋಡಲು ಬಣ್ಣವನ್ನು ಕೆರೆದು ತೆಗೆಯಬೇಕು. ಈ ಫ್ರೇಮುಗಳಲ್ಲಿ ಕೊಳವೆಗಳನ್ನು ಲಗ್ ಎಂಬ ತೋಳಿನೊಳಗೆ ಕೂರಿಸಿ ಹಿತ್ತಾಳೆಯ ಬೆಸುಗೆ ಹಾಕಿರುತ್ತಾರೆ, ಬಿರುಕು ಬರುವುದು ಹೆಚ್ಚಾಗಿ ಆ ಲಗ್ಗಿನ ಅಂಚಿನಲ್ಲಿ. ಪೆಡಲಿನ ಗೂಡಿನೊಳಗೆ ನೀರು ನಿಂತು ಒಳಗಿನಿಂದ ತುಕ್ಕು ತಿಂದಿರುವುದೂ ಸಾಮಾನ್ಯ, ಅದು ಹೊರಗೆ ಕಾಣುವುದಿಲ್ಲ. ಪೆಡಲಿನ ತೋಳನ್ನು ಹಿಡಿದಿಡುವ ಕಾಟರ್ ಪಿನ್ ತೆಗೆದು, ಬೇರಿಂಗಿನ ಬಾಲ್ಸ್ ಸುರಿದು, ಬೆರಳು ಹಾಕಿ ತಡವಿ ನೋಡಿದರೆ ತಿಳಿಯುತ್ತದೆ.

ಇಂಥ ಫ್ರೇಮಿಗೆ ಯಾರೂ ಆರ್ಕ್ ವೆಲ್ಡಿಂಗ್ ಮಾಡಿಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೊಳವೆಯ ಗೋಡೆ ತೆಳು. ಆರ್ಕಿನ ಬಿಸಿ ಒಂದೇ ಕಡೆ ನಾಟಿ, ಬೆಸುಗೆಯ ಪಕ್ಕದ ಉಕ್ಕು ಬಿರುಸಾಗಿ, ಎಂಜಿನ್ನಿನ ಅದುರಾಟಕ್ಕೆ ಕೆಲವೇ ತಿಂಗಳಲ್ಲಿ ಅಲ್ಲೇ ಸೀಳುತ್ತದೆ. ನಾನು ಈ ಫ್ರೇಮಿಗೆ ಒಂದು ತೂತನ್ನೂ ಕೊರೆಯಲಿಲ್ಲ. ಲೇತ್‌ನಲ್ಲಿ ಅಲ್ಯೂಮಿನಿಯಂ ಗಟ್ಟಿಯನ್ನು ಕಡೆದು, ಎರಡು ಹೋಳಾಗುವ ನಾಲ್ಕು ಕ್ಲಾಂಪುಗಳನ್ನು ಮಾಡಿ, ಸೀಟಿನ ಕೊಳವೆಗೆ ಎರಡನ್ನೂ ಕೆಳಗಿನ ಓರೆ ಕೊಳವೆಗೆ ಎರಡನ್ನೂ ಕೂರಿಸಿ, ಅವುಗಳ ನಡುವೆ ಆರು ಮಿಲಿಮೀಟರ್ ದಪ್ಪದ ಒಂದು ಪ್ಲೇಟನ್ನು ಹಾಕಿದೆ. ಕ್ಲಾಂಪಿನ ಒಳಮೈ ಕೊಳವೆಯ ಸುತ್ತಳತೆಗೆ ಸರಿಯಾಗಿ ಕೂರಬೇಕು. ಸಡಿಲವಾದ ಕ್ಲಾಂಪನ್ನು ಬೋಲ್ಟಿನಿಂದ ಬಿಗಿದರೆ ಕೊಳವೆ ಅಪ್ಪಚ್ಚಿಯಾಗುತ್ತದೆ.

ರೋಡ್‌ಸ್ಟರ್ ಎಂದು ಕರೆಯುವ ಇಂಥ ಹಳೆಯ ಸೈಕಲ್ಲುಗಳ ಒಂದು ಗುಣವನ್ನು ಇಲ್ಲಿಯೇ ಹೇಳಬೇಕು. ಅವುಗಳ ಮುಂದಿನ ಫೋರ್ಕು ಹಿಂದಕ್ಕೆ ಚೆನ್ನಾಗಿ ವಾಲಿರುತ್ತದೆ, ಎರಡು ಚಕ್ರಗಳ ನಡುವಿನ ಅಂತರವೂ ಹೆಚ್ಚು. ಹಾಗಾಗಿ ಹ್ಯಾಂಡಲ್ ನಿಧಾನವಾಗಿ ತಿರುಗುತ್ತದೆ, ನೇರ ಓಟದಲ್ಲಿ ಸೈಕಲ್ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ, ಗುಂಡಿಯ ಹೊಡೆತವನ್ನು ಫೋರ್ಕು ಸ್ವಲ್ಪ ಬಾಗಿ ನುಂಗುತ್ತದೆ. ಎಂಜಿನ್ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಫ್ರೇಮ್ ಇಂದಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಆದರೆ ಗಂಟೆಗೆ ಹದಿನಾಲ್ಕು ಹದಿನೈದು ಕಿಲೋಮೀಟರಿನ ಓಟವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಫ್ರೇಮ್ ಇದು ಎಂಬುದನ್ನು ಮರೆಯಬಾರದು. ಎಂಜಿನ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಮ್ಮ ಆಸೆಯಲ್ಲ, ಆ ಫ್ರೇಮೇ ಹೇಳಬೇಕು.

ಲೆಕ್ಕ ಹಾಕಿ ನೋಡೋಣ. ಸವಾರ, ಸೈಕಲ್, ಎಂಜಿನ್ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಓಡಲು ಟೈರು ಉರುಳುವಾಗಿನ ತಡೆಗೆ ಸುಮಾರು 70 ವ್ಯಾಟ್, ಗಾಳಿಯ ತಡೆಗೆ ಸುಮಾರು 120 ವ್ಯಾಟ್, ಒಟ್ಟು 190 ವ್ಯಾಟ್ ಬೇಕು. ನೂರು ಅಡಿಗೆ ಐದು ಅಡಿ ಏರುವ ದಿಣ್ಣೆಯನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು 270 ವ್ಯಾಟ್. ಮುಕ್ಕಾಲು ಅಶ್ವಶಕ್ತಿ ಎಂದರೆ ಹೆಚ್ಚುಕಡಿಮೆ 550 ವ್ಯಾಟ್. ಚೈನಿನಲ್ಲಿ ಸ್ವಲ್ಪ ಸೋರಿದರೂ ಬೇಕಾದದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ. ಹೀಗಿರುವಾಗ ಸೈಕಲ್ಲಿಗೆಂದೇ ಮಾರುವ 48 ಸಿಸಿ, 66 ಸಿಸಿ ಕಿಟ್ಟುಗಳ ಶಕ್ತಿ ಈ ಫ್ರೇಮಿಗೆ ಬೇಕೇ ಬೇಕೆಂದು ನನಗೆ ಅನಿಸಲಿಲ್ಲ.

ಕಾನೂನೂ ಅದೇ ಕಡೆಗೆ ಕೈ ತೋರಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 2ನೆಯ ಸೆಕ್ಷನ್ನಿನ 28ನೆಯ ಉಪವಿಧಿಯಲ್ಲಿ ಮೋಟಾರು ವಾಹನ ಎಂದರೇನು ಎಂಬ ವಿವರಣೆಯಿದೆ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಎಂಜಿನ್ ಸಾಮರ್ಥ್ಯ 25 ಸಿಸಿ ಮೀರದ ವಾಹನವನ್ನು ಆ ವಿವರಣೆಯಿಂದ ಹೊರಗಿಟ್ಟಿದೆ. ಅದಕ್ಕಿಂತ ದೊಡ್ಡ ಎಂಜಿನ್ ಹಾಕಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕು. ಮನೆಯಲ್ಲಿ ಕಟ್ಟಿದ ಒಂದೇ ಒಂದು ವಾಹನವನ್ನು ನೋಂದಣಿ ಮಾಡಿಸುವುದು ನಮ್ಮಂಥವರ ಕೈಗೆ ಎಟುಕುವ ಕೆಲಸವಲ್ಲ.

ಈ 25 ಎಂಬ ಗೆರೆಯ ವಿಷಯದಲ್ಲಿ ಎಚ್ಚರ ಬೇಕು. ಹೊಲದಲ್ಲಿ ಕಳೆ ಕತ್ತರಿಸುವ ಬ್ರಷ್ ಕಟರ್‌ಗಳ ಹಳೆಯ ಎಂಜಿನ್‌ಗಳು ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ, ಮಾರುವವರು ಎಲ್ಲವನ್ನೂ 'ಇಪ್ಪತ್ತೈದು ಸಿಸಿ' ಎಂದೇ ಹೇಳುತ್ತಾರೆ. ನಾನು ಮೊದಲು ತಂದ ಎಂಜಿನ್ನಿನ ತಲೆ ಬಿಚ್ಚಿ ಅಳೆದೆ. ಸಿಲಿಂಡರಿನ ವ್ಯಾಸ 34 ಮಿ.ಮೀ., ಪಿಸ್ಟನ್ನಿನ ಓಟ 28 ಮಿ.ಮೀ. ಈ ಅಳತೆಗಳಿಂದ ಸಿಲಿಂಡರಿನ ಗಾತ್ರವನ್ನು ಲೆಕ್ಕ ಹಾಕಿದರೆ 25.4 ಸಿಸಿ. ಗೆರೆಯ ಆಚೆಗೆ ಅರ್ಧ ಸಿಸಿಗೂ ಕಡಿಮೆ, ಆದರೂ ಆಚೆಯೇ. ಅದನ್ನು ಹಿಂದಿರುಗಿಸಿ, ಅದೇ 28 ಮಿ.ಮೀ. ಓಟವಿದ್ದು 32 ಮಿ.ಮೀ. ವ್ಯಾಸದ ಇನ್ನೊಂದನ್ನು ಹುಡುಕಿ ತಂದೆ. ಅದು 22.5 ಸಿಸಿ. ಇಲ್ಲಿ ನಿಂತಿರುವುದು ಅದೇ.

ಇನ್ನು ಈ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಬಗೆ. ವೆಲೊಸೊಲೆಕ್ಸ್‌ನ ದಾರಿ ಸರಳವೆಂದು ತೋರಿ, ಕ್ಲಚ್ಚಿನ ಡ್ರಮ್ಮಿಗೆ 32 ಮಿ.ಮೀ. ವ್ಯಾಸದ ಒಂದು ಉಕ್ಕಿನ ರೋಲರ್ ಜೋಡಿಸಿ ಹಿಂದಿನ ಟೈರಿನ ಮೇಲೆ ಒತ್ತಿದೆ. ಓಡಿತು, ಆದರೆ ಎರಡು ದೋಷಗಳೂ ಕಂಡವು. ಒಂದು, ಜಿನುಗು ಮಳೆಯಲ್ಲಿ ರೋಲರ್ ಜಾರಿ, ಎಂಜಿನ್ ಕೂಗುತ್ತಿದ್ದರೂ ಸೈಕಲ್ ನಿಂತಲ್ಲೇ ನಿಂತಿತು; ಒಣ ದಿನಗಳಲ್ಲಿ ಟೈರು ಸವೆದು ರಬ್ಬರಿನ ಪುಡಿ ಉದುರಿತು. ಎರಡನೆಯದು ಲೆಕ್ಕದ ದೋಷ, ಅದೇ ದೊಡ್ಡದು. ಟೈರಿನ ವ್ಯಾಸ ಸುಮಾರು 700 ಮಿ.ಮೀ. ಇರುವಾಗ 32 ಮಿ.ಮೀ. ರೋಲರ್ ಎಂದರೆ ಎಂಜಿನ್ 22 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಈ ಎಂಜಿನ್ನಿನ ಕ್ಲಚ್ ವೇಗ ಹೆಚ್ಚಿದಾಗ ತಾನೇ ಅಗಲಿ ಹಿಡಿಯುವ ಬಗೆಯದು; ನಿಮಿಷಕ್ಕೆ 4000 ಸುತ್ತು ಬಂದರೆ ಮಾತ್ರ ಪೂರ್ತಿ ಹಿಡಿಯುತ್ತದೆ. ಆ ಹೊತ್ತಿಗೆ ಸೈಕಲ್ ಗಂಟೆಗೆ 24 ಕಿ.ಮೀ. ವೇಗದಲ್ಲಿರಬೇಕು! ಅದಕ್ಕಿಂತ ಕೆಳಗೆ ಕ್ಲಚ್ ಉಜ್ಜಿಕೊಳ್ಳುತ್ತಲೇ ಇರುತ್ತದೆ. ಎರಡು ವಾರದಲ್ಲಿ ಅದರ ಲೈನಿಂಗ್ ಸುಟ್ಟ ವಾಸನೆ ಬಂತು.

ಆದ್ದರಿಂದ ಚೈನಿಗೆ ಬಂದೆ. ಎಂಜಿನ್ನಿನಿಂದ ನಡುವೆ ಒಂದು ಶಾಫ್ಟಿಗೆ 11 ಹಲ್ಲಿನಿಂದ 68 ಹಲ್ಲಿಗೆ ಒಂದು ಇಳಿಕೆ, ಆ ಶಾಫ್ಟಿನಿಂದ ಹಿಂದಿನ ಚಕ್ರಕ್ಕೆ 9 ಹಲ್ಲಿನಿಂದ 48 ಹಲ್ಲಿಗೆ ಇನ್ನೊಂದು ಇಳಿಕೆ. ಒಟ್ಟು 33ಕ್ಕೆ ಒಂದು. ಚಕ್ರ ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತದೆ. ಎಂಜಿನ್ 6000 ಸುತ್ತಿನಲ್ಲಿದ್ದಾಗ ಗಂಟೆಗೆ 24 ಕಿ.ಮೀ., ಕ್ಲಚ್ ಪೂರ್ತಿ ಹಿಡಿಯುವುದು 16ಕ್ಕೆ. ಎಂದರೆ ಹೊರಡುವಾಗ ನಾಲ್ಕಾರು ಸುತ್ತು ಪೆಡಲ್ ತುಳಿದು ವೇಗ ತಂದುಕೊಟ್ಟರೆ ಎಂಜಿನ್ ಮೃದುವಾಗಿ ಭಾರವನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ. ನಡುವಿನ ಶಾಫ್ಟಿನ ದೊಡ್ಡ ಸ್ಪ್ರಾಕೆಟ್ಟಿನ, ಅಂದರೆ 68 ಹಲ್ಲಿನ ಚಕ್ರದ, ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್ ಕೂರಿಸಿರುವುದರಿಂದ, ಪೆಟ್ರೋಲ್ ಮುಗಿದ ದಿನ ಹೆಚ್ಚಿನ ತಡೆಯಿಲ್ಲದೆ ತುಳಿದುಕೊಂಡು ಮನೆಗೆ ಬರಬಹುದು.

ಹಿಂದಿನ ಚಕ್ರದ ಸ್ಪ್ರಾಕೆಟ್ಟನ್ನು ರಬ್ಬರ್ ಬಿಲ್ಲೆಗಳ ನಡುವೆ ಕಡ್ಡಿಗಳಿಗೇ ಬಿಗಿಯುವ ರೂಢಿ ಕಿಟ್ಟುಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕಡ್ಡಿಗಳು ಉದ್ದಕ್ಕೆ ಎಳೆತವನ್ನು ತಡೆಯಲು ಇರುವುವು, ಅಡ್ಡಕ್ಕೆ ಒತ್ತಿದರೆ ತುಂಡಾಗುತ್ತವೆ. ಒಂದು ತುಂಡಾಗಿ ಸ್ಪ್ರಾಕೆಟ್ ಓರೆಯಾದರೆ ಚೈನ್ ಕಳಚಿ ಕಡ್ಡಿಗಳೊಳಗೆ ಸಿಕ್ಕಿ ಚಕ್ರ ಅಲ್ಲೇ ಬಿಗಿದುಕೊಳ್ಳುತ್ತದೆ. ನಾನು ಚಕ್ರದ ನಡುವಿನ ಹಬ್ಬಿನ ಎಡ ಹೆಗಲಿಗೆ ಹೊಂದುವ ಎರಡು ಹೋಳಿನ ಒಂದು ಉಕ್ಕಿನ ಬಳೆಯನ್ನು ಕಡೆದು, ಸ್ಪ್ರಾಕೆಟ್ಟನ್ನು ಅದಕ್ಕೆ ಬಿಗಿದೆ. ಆ ಬಳೆಯೊಂದಕ್ಕೇ ಮೂರು ವಾರ ಹಿಡಿಯಿತು, ಏಕೆಂದರೆ ಸ್ಪ್ರಾಕೆಟ್ ತಿರುಗುವಾಗ ಪಕ್ಕಕ್ಕೆ ಅರ್ಧ ಮಿಲಿಮೀಟರ್ ಓಲಾಡಿದರೂ ಚೈನ್ ತೊನೆಯುತ್ತದೆ.

ಈಗ ಬ್ರೇಕಿನ ಮಾತು. ಚೈನ್ ಕೂರಿಸಿ ಸೈಕಲ್ ಸೊಗಸಾಗಿ ಓಡಿದ ಮೊದಲ ವಾರ, ಒಂದು ಸಂಜೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಬರುತ್ತಿದ್ದೆ. ತುಂತುರು ಬಿದ್ದು ನಿಂತಿತ್ತು. ಅಡ್ಡ ದಾರಿಯಿಂದ ಕಬ್ಬು ತುಂಬಿದ ಗಾಡಿಯೊಂದು ಏರಿಯ ಮೇಲೆ ಹತ್ತಿ ಬಂತು. ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದೆ. ಮೊದಲ ಎರಡು ಸೆಕೆಂಡು ಏನೂ ಆಗಲಿಲ್ಲ. ಗಂಟೆಗೆ 24 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು ಏಳು ಮೀಟರ್. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಬದುವಿನ ಹುಲ್ಲಿಗೆ ಇಳಿಸಿ ಬಿದ್ದೆ. ಮೊಣಕೈ ತರಚಿತು, ಪೆಡಲ್ ಬಾಗಿತು. ಗಾಡಿಯ ಮೇಲೆ ಕುಳಿತಿದ್ದ ಹುಡುಗನಿಗೆ ಏನೂ ಆಗಲಿಲ್ಲ. ಆ ಹುಡುಗನ ಮುಖ ಈಗಲೂ ನೆನಪಿದೆ.

ಮೆಕ್ಯಾನಿಕ್ ಹೇಳಿದ್ದು ಇದನ್ನೇ. ರಾಡ್ ಬ್ರೇಕು ಸೈಕಲ್ ಚಕ್ರದ ರಿಮ್ಮಿನ ಒಳಮುಖಕ್ಕೆ ರಬ್ಬರನ್ನು ಮೇಲಕ್ಕೆ ಎಳೆದು ಒತ್ತುತ್ತದೆ. ಕ್ರೋಮ್ ಲೇಪದ ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರಿಗೂ ಅದಕ್ಕೂ ನಡುವೆ ನೀರಿನ ಪದರ ನಿಂತು, ಆ ಪದರ ಒರೆಸಿಹೋಗುವವರೆಗೆ ಹಿಡಿತ ಬರುವುದಿಲ್ಲ. ತಂದೆಯವರ ಹದಿನಾಲ್ಕು ಕಿಲೋಮೀಟರ್ ವೇಗದಲ್ಲಿ ಅದು ಹೇಗೋ ನಡೆಯುತ್ತಿತ್ತು. ವೇಗ ಹದಿನಾಲ್ಕರಿಂದ ಇಪ್ಪತ್ತನಾಲ್ಕಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಇದನ್ನು ನಾನು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟಿದ್ದೆ.

ಎಂಜಿನ್ನನ್ನು ಇಳಿಸಿಟ್ಟು ಐದು ತಿಂಗಳು ಬ್ರೇಕಿನ ಕೆಲಸವೊಂದನ್ನೇ ಮಾಡಿದೆ. ಮುಂದಿನ ಚಕ್ರಕ್ಕೆ 70 ಮಿ.ಮೀ. ಡ್ರಮ್ ಬ್ರೇಕಿನ ಹಬ್ ಹಾಕಿದೆ. ಹಬ್ಬಿನ ತೂತುಗಳು ರಿಮ್ಮಿನ 32ಕ್ಕೆ ಸರಿಹೊಂದುವುದನ್ನೇ ಹುಡುಕಬೇಕಾದ್ದರಿಂದ ತಡವಾಯಿತು. ಡ್ರಮ್ ಬ್ರೇಕು ಹಿಡಿದಾಗ ಹಬ್ಬಿನ ಪ್ಲೇಟು ಚಕ್ರದೊಂದಿಗೆ ತಿರುಗಲು ನೋಡುತ್ತದೆ, ಆ ಒತ್ತಡವನ್ನು ಒಂದು ತೋಳಿನ ಮೂಲಕ ಫೋರ್ಕಿಗೆ ದಾಟಿಸಬೇಕು. ಫೋರ್ಕಿನ ಕಾಲು ತುದಿಗೆ ಹೋದಂತೆ ಸಣಕಲಾಗುವುದರಿಂದ, ತೋಳನ್ನು ಸಾಧ್ಯವಾದಷ್ಟು ಉದ್ದ ಮಾಡಿ, ಕಾಲು ದಪ್ಪವಾಗಿರುವ ಮೇಲಿನ ಕಡೆಗೆ ಅಗಲವಾದ ಪಟ್ಟಿಯಿಂದ ಕಟ್ಟಿದ್ದೇನೆ. ಹಿಂದಿನ ರಾಡ್ ಬ್ರೇಕನ್ನು ಹಾಗೆಯೇ ಉಳಿಸಿ, ಹೊಸ ಬ್ರೇಕ್ ರಬ್ಬರ್ ಹಾಕಿ, ರಾಡುಗಳ ಸವೆದ ಕೀಲುಗಳಿಗೆಲ್ಲ ಹಿತ್ತಾಳೆಯ ಬುಷ್ ಕೂರಿಸಿದೆ. ಆಮೇಲೆ ಬೀದಿಯಲ್ಲಿ ಸುಣ್ಣದ ಗೆರೆ ಎಳೆದು, ಚಕ್ರಕ್ಕೆ ನೀರು ಹಾಕಿ, ಒದ್ದೆಯಲ್ಲಿ ನಲವತ್ತು ಸಲ ನಿಲ್ಲಿಸಿ ಅಳೆದೆ. ನಲವತ್ತನೆಯದೂ ಮೊದಲನೆಯದಷ್ಟೇ ದೂರದಲ್ಲಿ ನಿಂತ ಮೇಲೆ ಎಂಜಿನ್ನನ್ನು ಮತ್ತೆ ಏರಿಸಿದೆ.

ಉಳಿದ ಸಂಗತಿಗಳನ್ನು ಬೇಗ ಹೇಳುತ್ತೇನೆ. ಬ್ರಷ್ ಕಟರ್ ಎಂಜಿನ್ ತನ್ನದೇ ಫ್ಯಾನಿನ ಗಾಳಿಯಿಂದ ತಣಿಯುತ್ತದೆ, ಅಂದಕ್ಕೆಂದು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದರೆ ಗಾಳಿ ದಾರಿತಪ್ಪಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನಟ್ಟುಗಳೆಲ್ಲ ಒಳಗೆ ನೈಲಾನ್ ಬಳೆಯಿದ್ದು ಬೇಗ ಸಡಿಲವಾಗದ ನೈಲಾಕ್ ಆಗಿರಲಿ, ಆದರೂ ವಾರಕ್ಕೊಮ್ಮೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ. ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿ, ಸಡಿಲವಾದದ್ದು ದನಿಯಲ್ಲೇ ತಿಳಿಯುತ್ತದೆ.

ಇಂಧನದ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಈ ಎಂಜಿನ್ನಿಗೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದಿರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಇದೆ. ಎಥನಾಲಿನ ಒಂದು ಮೂಲ ಕಬ್ಬು, ಕಬ್ಬು ನಮ್ಮ ಮಂಡ್ಯದ ಜೀವ, ಹಾಗಾಗಿ ಅದರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಗಡುಸು ಮಾಡುತ್ತದೆ. ಬ್ರಷ್ ಕಟರಿನ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಎಳೆಯುವುದು ಡಯಾಫ್ರಾಮ್ ಎಂಬ ಒಂದು ತೆಳ್ಳನೆಯ ಪೊರೆ. ನನ್ನ ಮೊದಲ ಡಯಾಫ್ರಾಮ್ ನಾಲ್ಕು ತಿಂಗಳಿಗೆ ಸೆಟೆದುಕೊಂಡಿತು. ಈಗ ಒಂದು ವಾರಕ್ಕಿಂತ ಹೆಚ್ಚು ಸೈಕಲ್ ಹೊರತೆಗೆಯುವುದಿಲ್ಲ ಎಂದಾದರೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರನ್ನು ಒಣಗಿಸಿ ಇಡುತ್ತೇನೆ. ಆಮೇಲೆ ಹಾಕಿದ ಡಯಾಫ್ರಾಮ್ ಇನ್ನೂ ಮೆತ್ತಗಿದೆ.

ಹಿಂದಿನ ಸಾಲಿನಿಂದ ಒಬ್ಬ ಯುವಕರು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದು ಕಳುಹಿಸಿದ್ದಾರೆ. ಬ್ಯಾಟರಿ ಮೋಟಾರ್ ಹಾಕಿದ್ದರೆ ಇಷ್ಟು ಕಷ್ಟವಿರಲಿಲ್ಲವಲ್ಲ ಎಂಬುದು ಒಂದು. ನಿಜ, ಎಂಜಿನ್ನಿನ ಕಷ್ಟ ಇರುತ್ತಿರಲಿಲ್ಲ. ನಿಯಮಗಳಲ್ಲಿ ಅದಕ್ಕೂ 250 ವ್ಯಾಟ್, ಗಂಟೆಗೆ 25 ಕಿ.ಮೀ. ಎಂಬ ಗೆರೆಗಳಿವೆ. ಆದರೆ ಫ್ರೇಮಿನ ದಾರ, ಹಬ್ಬು, ಬ್ರೇಕು, ಈ ಕೆಲಸಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ಮಂಡ್ಯದಿಂದ ಇದರಲ್ಲೇ ಬಂದಿರಾ ಎಂಬುದು ಎರಡನೆಯದು. ಇಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟಿನಿಂದ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ನಡುವೆ ನಲವತ್ತೈದು ಕಿಲೋಮೀಟರ್ ಬರುವಷ್ಟು ಈ ಸೈಕಲ್ಲನ್ನು ನಾನು ದಂಡಿಸುವುದಿಲ್ಲ. ರೈಲಿನಲ್ಲಿ ಬುಕ್ ಮಾಡಿ ತಂದೆ. ಪೆಟ್ರೋಲ್ ತೆಗೆದು, ನಾಲ್ಕು ಕ್ಲಾಂಪು ಬಿಚ್ಚಿ, ಎಂಜಿನ್ನನ್ನು ಮನೆಯ ಅಂಗಳದಲ್ಲೇ ಇಳಿಸಿ ಬೇರೆ ಕಟ್ಟಿಕೊಂಡೆ. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಈಗ ಮುಂದಿನ ಸಾಲಿನ ಇಬ್ಬರು ಎದ್ದು ಬಂದರೆ ಇಲ್ಲಿಯೇ ಬಿಚ್ಚಿ ತೋರಿಸುತ್ತೇನೆ. ಕ್ಲಾಂಪಿನ ಕೆಳಗೆ ತಂದೆಯವರ ಕಾಲದ ಕಪ್ಪು ಬಣ್ಣವನ್ನು ನಾಲ್ಕು ಕಡೆ ಬಳೆಯಷ್ಟಗಲ ಕೆರೆಯದೆ ಹಾಗೆಯೇ ಬಿಟ್ಟಿದ್ದೇನೆ, ಅದನ್ನೂ ನೋಡಬಹುದು.